ಕೋರೆ ಹಲ್ಲಿನ ಬೇರು ಉಳಿಸಿ ಕಟ್ಟಿದ ಸೆಟ್: ನನ್ನ ಅನುಭವ

ಮಂಡ್ಯದಲ್ಲಿ ಹಲ್ಲಿನ ಕ್ಲಿನಿಕ್ ಇಟ್ಟು 19 ವರ್ಷವಾಯಿತು. ಮೊದಲ ಏಳೆಂಟು ವರ್ಷ ನಾನೂ ಎಲ್ಲರ ಹಾಗೇ ಮಾಡಿದೆ. ಕೆಳಗೆ ನಾಲ್ಕೈದು ಹಲ್ಲು ಅಲ್ಲಾಡುತ್ತಾ ಉಳಿದಿದ್ದರೆ ಎಲ್ಲವನ್ನೂ ಕಿತ್ತು, ಗಾಯ ಮಾಯುವವರೆಗೆ ಕಾಯಿಸಿ, ಫುಲ್ ಸೆಟ್ ಕೊಡುತ್ತಿದ್ದೆ. ಬಂದವರು ಕೇಳುತ್ತಿದ್ದದ್ದೂ ಅದನ್ನೇ. 'ಎಲ್ಲಾ ಕಿತ್ತಾಕ್ಬುಡಿ ಡಾಕ್ಟ್ರೇ, ಒಂದೇ ಸಲಕ್ಕೆ ಮುಗ್ದೋಗ್ಲಿ.' ಮೇಲಿನ ಸೆಟ್ ಕಚ್ಚಿಕೊಂಡು ಕೂರುತ್ತಿತ್ತು. ಕೆಳಗಿನದು ಎರಡು ವರ್ಷಕ್ಕೆ ನಾಲಿಗೆಯ ಮೇಲೆ ತೇಲುತ್ತಿತ್ತು.

ನಮ್ಮ ಕಡೆ ಇದು ಗೊತ್ತಾಗುವುದೂ ತಡ. ಮುದ್ದೆ ನುಂಗುವುದು, ಅಗಿಯುವುದಲ್ಲ ಅಲ್ವಾ? ಬಸ್ಸಾರು ಮುದ್ದೆಗೆ ಹಲ್ಲೇ ಬೇಡ. ಬಾಡೂಟಕ್ಕೆ ಕೂತಾಗ, ಮದ್ದೂರು ವಡೆ ಕೈಗೆ ಬಂದಾಗ ಸೆಟ್ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಾರೆ. ಅದಕ್ಕೇ ನಾನು ಸೆಟ್ ಕೊಟ್ಟ ಒಂದು ತಿಂಗಳಿಗೆ 'ವಡೆ ತಿಂದ್ರಾ?' ಅಂತಲೇ ಕೇಳುತ್ತೇನೆ.

ದಾರಿ ಬದಲಾಗಿದ್ದು ಪಾಂಡವಪುರ ಕಡೆಯ ಒಬ್ಬ ಆಲೆಮನೆ ಯಜಮಾನರಿಂದ. ಕೆಳಗೆ ಉಳಿದಿದ್ದು ಎರಡು ಕೋರೆ ಹಲ್ಲು ಮಾತ್ರ, ಅವೂ ಅಲ್ಲಾಡುತ್ತಿದ್ದವು. ಹಾರ್ಟಿಗೆ ಸ್ಟೆಂಟ್ ಹಾಕಿಸಿ ಎರಡು ತಿಂಗಳಾಗಿತ್ತು. ಈಗ ಕೀಳಿಸುವುದೇ ಬೇಡ ಅಂತ ಮನೆಯವರು ಪಟ್ಟು ಹಿಡಿದರು. ಸರಿ, ಎರಡಕ್ಕೂ ರೂಟ್ ಕೆನಾಲ್ ಮಾಡಿ, ಒಸಡಿನ ಮಟ್ಟಕ್ಕೆ ಕತ್ತರಿಸಿ, ಗುಮ್ಮಟದ ಹಾಗೆ ದುಂಡಗೆ ಉಜ್ಜಿ, ಅದರ ಮೇಲೆ ಸೆಟ್ ಕೂರಿಸಿದೆ. ಆರು ವಾರದ ಮೇಲೆ ಬೆರಳಿಟ್ಟು ಅಲ್ಲಾಡಿಸಿ ನೋಡಿದೆ. ಬೇರು ಗಟ್ಟಿಯಾಗಿ ನಿಂತಿತ್ತು. ಮೇಲಿನ ಭಾರ ಹೋದರೆ ಅಲ್ಲಾಟ ಕಡಿಮೆಯಾಗುತ್ತೆ ಅಂತ ಕಾಲೇಜಿನಲ್ಲಿ ಓದಿದ್ದೆ, ಕೈಯಲ್ಲಿ ಮುಟ್ಟಿದ್ದು ಅವತ್ತೇ. ಯಜಮಾನರು ಮುಂದಿನ ಸಲ ಬರುವಾಗ ಎರಡು ಉಂಡೆ ಬೆಲ್ಲ ತಂದರು.

ಮೈಸೂರಿನ ಗೆಳೆಯನಿಗೆ ಹೇಳಿದೆ. 'ಕೊಳೆತ ಬೇರಿನ ಮೇಲೆ ಮನೆ ಕಟ್ತೀಯಾ? ಕಿತ್ತು ಎರಡು ಇಂಪ್ಲಾಂಟ್ ಹಾಕಪ್ಪ' ಅಂದ. ಇಂಪ್ಲಾಂಟ್ ಅಂದರೆ ದವಡೆಯ ಮೂಳೆಗೆ ಕೂರಿಸುವ ಲೋಹದ ತಿರುಪು. ಸೆಟ್ ಮಾಡಿಕೊಡುವ ಲ್ಯಾಬಿನವರೂ ನಕ್ಕರು.

ಮೊದಮೊದಲು ಅವರ ಮಾತೇ ನಿಜವಾಯಿತು. ಮೊದಲ ಹತ್ತು ಜನರಲ್ಲಿ ಐದಾರು ಬೇರು ಕಳೆದುಕೊಂಡೆ. ಎಲ್ಲವೂ ಹುಳುಕು. ಒಬ್ಬ ಅಜ್ಜಿಯ ಸೆಟ್ ತೆಗೆದು ನೋಡಿದರೆ ಗುಮ್ಮಟದ ತುದಿ ನೆನೆದ ಕಡಲೆಯ ಹಾಗೆ ಮೆತ್ತಗಾಗಿತ್ತು, ಹುಳುಕು ನೋಡುವ ಚೂಪು ಕಡ್ಡಿ (ಎಕ್ಸ್‌ಪ್ಲೋರರ್) ಇಟ್ಟರೆ ಒಳಗೇ ಇಳಿಯಿತು. 'ಹಲ್ಲೇ ಇಲ್ವಲ್ಲಪ್ಪ, ಏನು ಉಜ್ಜೋದು?' ಅಂದರು. ತಪ್ಪು ನನ್ನದೇ, ಹೇಳಿಕೊಟ್ಟಿರಲಿಲ್ಲ. ಇನ್ನು ಮೂರು ಸೆಟ್ ಸರಿಯಾಗಿ ಬೇರಿನ ಮೇಲೇ ಸೀಳಿದವು, ಅಲ್ಲಿ ಸೆಟ್ಟಿನ ಅಕ್ರಿಲಿಕ್ ಪ್ಲಾಸ್ಟಿಕ್ ತೆಳು. ಎಲ್ಲವನ್ನೂ ಕಾಸು ತಗೊಳ್ಳದೆ ಮತ್ತೆ ಮಾಡಿಕೊಟ್ಟೆ. ಎರಡು ವರ್ಷದಲ್ಲಿ ಕೈಯಿಂದ ಹೋಗಿದ್ದು 40 ಸಾವಿರದ ಹತ್ತಿರ.

ಈಗ ಗುಮ್ಮಟ ಒಸಡಿನಿಂದ 2 ಮಿಲಿಮೀಟರ್‌ಗಿಂತ ಮೇಲೆ ಬಿಡುವುದಿಲ್ಲ. ಸೆಟ್ ಒಳಗೆ ಲೋಹದ ಜಾಲರಿ ಇಲ್ಲದೆ ಲ್ಯಾಬಿನಿಂದ ತಗೊಳ್ಳುವುದೇ ಇಲ್ಲ. ಮೆತ್ತನೆಯ ಬ್ರಷ್ ಕೊಟ್ಟು, ಕನ್ನಡಿ ಮುಂದೆ ಕೂರಿಸಿ, ನನ್ನೆದುರೇ ಉಜ್ಜಿಸುತ್ತೇನೆ. ಗುಮ್ಮಟ ಕೂರುವ ಸೆಟ್ಟಿನ ಗುಳಿಯಲ್ಲಿ ದಿನಾ ಒಂದು ಹನಿ ಫ್ಲೋರೈಡ್ ಜೆಲ್. ರಾತ್ರಿ ಸೆಟ್ ನೀರಿಗೆ. ನಾಲ್ಕು ತಿಂಗಳಿಗೊಮ್ಮೆ ಫ್ರೀ ಚೆಕಪ್, ಬರದಿದ್ದರೆ ನಾನೇ ಫೋನ್ ಮಾಡುತ್ತೇನೆ. ಗುಮ್ಮಟಕ್ಕೂ ಸೆಟ್ಟಿಗೂ ನಡುವೆ ಎಷ್ಟು ಜಾಗ ಬಿಡಬೇಕು, ಅದನ್ನ ಗುರುತು ಮಾಡಲು ಏನು ಹಚ್ಚುತ್ತೇನೆ ಅನ್ನೋದನ್ನ ಇಲ್ಲಿ ಬರೆಯುವುದಿಲ್ಲ. ಕ್ಲಿನಿಕ್‌ಗೆ ಬಂದವರಿಗೆ ತೋರಿಸುತ್ತೇನೆ. ಇದಾದ ಮೇಲಿನ ಮೂವತ್ತು ಚಿಲ್ಲರೆ ಜನರಲ್ಲಿ ಹೋಗಿದ್ದು ಎರಡೇ ಬೇರು. ಅದೇ ಗೆಳೆಯ ಹೋದ ವರ್ಷ ಮೈಸೂರಿನಿಂದ ಇಬ್ಬರನ್ನ ನನ್ನ ಹತ್ತಿರ ಕಳಿಸಿದ.

ನಡುವೆ ಅಯಸ್ಕಾಂತದ ಹುಚ್ಚೂ ಹಿಡಿದಿತ್ತು. ಬೇರಿಗೊಂದು, ಸೆಟ್ಟಿಗೊಂದು. ಜೋಡಿಗೆ ಎಂಟೊಂಬತ್ತು ಸಾವಿರ ಕೊಟ್ಟೆ. ಟಕ್ ಅಂತ ಕೂರುವಾಗ ಖುಷಿಯಾಗುತ್ತಿತ್ತು. ಒಂದೂವರೆ ವರ್ಷಕ್ಕೆ ಉಗುಳು ಒಳಗೆ ಸೇರಿ ತುಕ್ಕು ಹಿಡಿಯಿತು, ಎಳೆತ ಹೋಯಿತು. ಗುಳಿಯಲ್ಲಿ ಸಿಲಿಕೋನ್ ಲೈನರ್ ಅನ್ನುವ ಮೆತ್ತನೆಯ ಪದರ ಕೂಡ ಹಾಕಿ ನೋಡಿದೆ. ಮೊದಲ ತಿಂಗಳು ಗುಂಡಿ ಹಾಕಿದ ಹಾಗೆ ಹಿಡಿಯಿತು, ಆಮೇಲೆ ವಾಸನೆ. ಎರಡನ್ನೂ ಬಿಟ್ಟೆ.

ದುಡ್ಡಿನ ಲೆಕ್ಕ ಹೀಗಿದೆ. ಎರಡು ರೂಟ್ ಕೆನಾಲ್, ಮೇಲೆ ಕೆಳಗೆ ಸೆಟ್, ಜಾಲರಿ ಎಲ್ಲ ಸೇರಿ ನನ್ನಲ್ಲಿ 17-18 ಸಾವಿರ. ಎರಡು ಇಂಪ್ಲಾಂಟ್ ಮೇಲಿನ ಸೆಟ್ ಆದರೆ 70 ಸಾವಿರ ದಾಟುತ್ತೆ. ನಾಲ್ಕು ಇಂಪ್ಲಾಂಟ್ ಮೇಲೆ ತೆಗೆಯಲಾಗದ ಹಾಗೆ ಕೂರಿಸಿದರೆ ಲಕ್ಷದ ಮಾತು. ಕಬ್ಬಿನ ಬಾಕಿ ಬಂದ ಮೇಲೆ ಹಲ್ಲು ಕಟ್ಟಿಸಿಕೊಳ್ಳುವ ಮನೆಗಳಿಗೆ ಈ ವ್ಯತ್ಯಾಸ ಸಣ್ಣದಲ್ಲ.

ನಾನು ಇಂಪ್ಲಾಂಟ್ ವಿರೋಧಿ ಅಲ್ಲ. ಹಲ್ಲಿನ ಬೇರೇ ಉಳಿದಿಲ್ಲ, ಕೈಯಲ್ಲಿ ದುಡ್ಡಿದೆ ಅಂದರೆ ಕೆಳಗೆ ಎರಡು ಇಂಪ್ಲಾಂಟ್ ಹಾಕಿ ಅಂತ ನಾನೇ ಹೇಳುತ್ತೇನೆ. 2002ರಲ್ಲಿ ಕೆನಡಾದ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ ತಜ್ಞರು ಹೇಳಿದ್ದೂ ಅದನ್ನೇ. ವಯಸ್ಸಿನ ಹುಡುಗನಿಗೆ ಒಂದೇ ಹಲ್ಲು ಹೋಗಿದ್ದರೆ ಪಕ್ಕದ ಎರಡು ಒಳ್ಳೆ ಹಲ್ಲು ತೇಯ್ದು, ಅವುಗಳ ಮೇಲೆ ನಿಲ್ಲುವ ಬ್ರಿಡ್ಜ್ ಮಾಡಲು ನನಗೂ ಮನಸ್ಸು ಬರುವುದಿಲ್ಲ. ಆದರೆ ಎರಡು ಗಟ್ಟಿ ಬೇರನ್ನ ಕಿತ್ತು, ಅದೇ ಜಾಗಕ್ಕೆ ತಿರುಪು ಹಾಕುವುದು ಯಾಕೆ? ಕ್ರಮ್ ಮತ್ತು ರೂನಿ ಅನ್ನುವ ಸಂಶೋಧಕರು ಐದು ವರ್ಷ ಅಳೆದು ನೋಡಿ 1978ರಲ್ಲೇ ಬರೆದಿದ್ದರು. ಬೇರು ಉಳಿಸಿದವರ ಕೆಳದವಡೆಯ ಮುಂದಿನ ಮೂಳೆ ಸರಾಸರಿ 0.6 ಮಿಲಿಮೀಟರ್ ಸವೆದಿತ್ತು, ಎಲ್ಲ ಕೀಳಿಸಿಕೊಂಡವರದು 5.2. ಮುಂದೆ ಇಂಪ್ಲಾಂಟ್ ಬೇಕಾದರೂ ಆ ಮೂಳೆ ಬೇಕಲ್ವಾ?

ಈಗ ಮಳವಳ್ಳಿಯಿಂದ ಒಬ್ಬರು ಅಮ್ಮ ಬಂದಿದ್ದಾರೆ. ಉಳಿದಿರುವುದು ಎಡಗಡೆಯ ಒಂದೇ ಕೋರೆ. ಒಂದೇ ಬೇರಿನ ಮೇಲೆ ಕೂರಿಸಿದರೆ ಸೆಟ್ ಒಂದು ಕಡೆಗೆ ತಿರುಗುತ್ತೆ ಅನ್ನುವ ಹೆದರಿಕೆ ಇದೆ. ಆದರೂ ರೂಟ್ ಕೆನಾಲ್ ಮುಗಿಸಿದ್ದೇನೆ. ಮುಂದಿನ ವಾರ ಅಳತೆ ತೆಗೆಯುತ್ತೇನೆ.