ಸಂಗೊಳ್ಳಿ ರಾಯಣ್ಣನ ಕುರಿತು ಮೂರು ನಿಮಿಷದ ಭಾಷಣ: ಮಗುವನ್ನು ಅಣಿಗೊಳಿಸುವುದು ಹೇಗೆ

ಜನವರಿ 26ರ ಶಾಲಾ ಕಾರ್ಯಕ್ರಮದಲ್ಲಿ ಒಂದು ಮಗುವಿಗೆ ಸಿಗುವುದು ಹೆಚ್ಚೆಂದರೆ ಮೂರು ನಿಮಿಷ. ಹಿಂದಿನ ಸಾಲಿಗೂ ಕೇಳುವಂತೆ ನಿಧಾನವಾಗಿ ಮಾತಾಡಿದರೆ ಅಷ್ಟರಲ್ಲಿ ಸುಮಾರು 220 ಪದ ಹಿಡಿಯುತ್ತವೆ. ಅದಕ್ಕಿಂತ ಹೆಚ್ಚು ಬರೆದುಕೊಟ್ಟರೆ ಮಗು ಓಟಕ್ಕೆ ಬಿದ್ದು, ರಾಯಣ್ಣ ಗಲ್ಲಿಗೇರಿದ ನಂದಗಡದ ಪ್ರಸಂಗ ಬರುವಷ್ಟರಲ್ಲಿ ಮಾತೇ ಅರ್ಥವಾಗುವುದಿಲ್ಲ.

ಬರೆಯುವ ಮುಂಚೆ ಇಸವಿಗಳನ್ನು ಒಂದು ಚೀಟಿಯಲ್ಲಿ ಸಾಲಾಗಿ ಬರೆದಿಡಿ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಮೊದಲ ಯುದ್ಧ, ಧಾರವಾಡದ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆಯ ಸಾವು. ಅದೇ ವರ್ಷ ಡಿಸೆಂಬರ್‌ನಲ್ಲಿ ಕಿತ್ತೂರಿನ ಪತನ. 1829ರ ಫೆಬ್ರವರಿಯಲ್ಲಿ ಬೈಲಹೊಂಗಲದ ಸೆರೆಯಲ್ಲಿ ಚೆನ್ನಮ್ಮನ ಸಾವು. 1830ರ ಏಪ್ರಿಲ್‌ನಲ್ಲಿ ರಾಯಣ್ಣನ ಸೆರೆ, 1831ರ ಜನವರಿ 26ರಂದು ಗಲ್ಲು. ಹೆಚ್ಚಿನ ಭಾಷಣಗಳು ಎಡವುವುದು ಇಲ್ಲೇ: 1824ರ ಯುದ್ಧವನ್ನೂ ರಾಯಣ್ಣ ಮುಂದೆ ತಾನೇ ಕಟ್ಟಿದ ಬಂಡಾಯವನ್ನೂ ಕಲಸಿಬಿಡುತ್ತವೆ. ಥ್ಯಾಕರೆಯನ್ನು ಹೊಡೆದವನು ರಾಯಣ್ಣ ಎಂದೂ ಹೇಳಿಸುತ್ತಾರೆ. ಆ ಗುಂಡು ಕಿತ್ತೂರಿನ ಯೋಧ ಅಮಟೂರು ಬಾಳಪ್ಪನದು. ಆ ಕೀರ್ತಿಯನ್ನು ಅವನಿಗೇ ಬಿಡಿ.

ಇಡೀ ಒಂದು ನಿಮಿಷವನ್ನು ಭೂಮಿಯ ಮಾತಿಗೆ ಕೊಡಿ. ಭಾಷಣದ ಜೀವ ಇರುವುದು ಅಲ್ಲೇ, ಆದರೂ ಜನ ಅದನ್ನೇ ಬಿಡುತ್ತಾರೆ. ರಾಯಣ್ಣನ ಮನೆತನಕ್ಕೆ ಶೌರ್ಯಕ್ಕಾಗಿ ಬಂದಿದ್ದ ರಕ್ತಮಾನ್ಯದ ಹೊಲವನ್ನು ಕಂಪನಿ ಸರ್ಕಾರ ಕಿತ್ತುಕೊಂಡಿತು, ಉಳಿದದ್ದರ ಮೇಲೆ ಕಂದಾಯ ಏರಿಸಿತು. ಬೀಡಿ, ನಂದಗಡ ಊರುಗಳ ಸರ್ಕಾರಿ ಕಚೇರಿಗಳಿಗೆ ರಾಯಣ್ಣನ ದಂಡು ಬೆಂಕಿ ಇಟ್ಟಾಗ ಉರಿದದ್ದು ಬರೀ ಕಟ್ಟಡವಲ್ಲ, ಕಂದಾಯದ ದಫ್ತರ. ಯಾರ ಹೊಲಕ್ಕೆ ಎಷ್ಟು ಬಾಕಿ ಎಂಬ ಕಾಗದವೇ ಇಲ್ಲದಿದ್ದರೆ ವಸೂಲಿಗೆ ಬಂದವನು ಏನು ತೋರಿಸಿ ಕೇಳಬೇಕು? ಈ ಪ್ರಶ್ನೆಯನ್ನು ಮಗು ಸಭೆಗೇ ಕೇಳಲಿ. ಜೊತೆಗೆ ಎರಡು ವಾಕ್ಯ ಸಾಕು: ಚೆನ್ನಮ್ಮನ ದತ್ತುಮಗ ಶಿವಲಿಂಗಪ್ಪನನ್ನು ಗಾದಿಗೆ ತರುವುದು ರಾಯಣ್ಣನ ಗುರಿ, ಸಿದ್ದಿ ಜನಾಂಗದ ಗಜವೀರ ಅವನ ಬಲಗೈ.

ಸೆರೆಯ ಪ್ರಸಂಗ ಇಪ್ಪತ್ತು ಸೆಕೆಂಡಿನಲ್ಲಿ ಮುಗಿಯಲಿ. ದ್ರೋಹಿಗಳ ಹೆಸರಿನ ಪಟ್ಟಿ ಬೇಡ, “ನಂಬಿದವರೇ ಹಿಡಿದುಕೊಟ್ಟರು” ಎಂದರೆ ಸಾಕು. ಹುಟ್ಟು 1798ರ ಆಗಸ್ಟ್ 15 ಎಂದು ಹಿಡಿದರೆ ಗಲ್ಲಿಗೇರಿದಾಗ ವಯಸ್ಸು 32. ಇಸವಿಯಷ್ಟೇ ಕಳೆದು 33 ಎನ್ನಬೇಡಿ. ಆಗಸ್ಟ್ 15, ಜನವರಿ 26ರ ಕಾಕತಾಳೀಯದಿಂದಲೇ ಎಲ್ಲರೂ ಶುರು ಮಾಡುತ್ತಾರೆ. ಅದನ್ನು ಕೊನೆಗೆ ಇಟ್ಟುಕೊಂಡರೆ ಸಭೆ ತಲೆ ಎತ್ತುತ್ತದೆ.

ಕೊನೆಯ ಚಿತ್ರ ನಂದಗಡದಲ್ಲಿ ರಾಯಣ್ಣನ ಸಮಾಧಿಯ ಬಳಿಯ ಆಲದ ಮರದ್ದಾಗಲಿ. ಮಕ್ಕಳಾಗಲೆಂದು ಹರಕೆ ಹೊತ್ತವರು ಅಲ್ಲಿ ಪುಟ್ಟ ಮರದ ತೊಟ್ಟಿಲು ಕಟ್ಟುತ್ತಾರೆ, ರಾಯಣ್ಣನಂಥ ಮಗ ಹುಟ್ಟಲಿ ಎಂದು.

ಅಭ್ಯಾಸ ನಾಲ್ಕು ದಿನ ಮುಂಚೆಯೇ ಶುರುವಾಗಲಿ, ನಿಂತುಕೊಂಡೇ, ಮೊಬೈಲಿನಲ್ಲಿ ಸಮಯ ಇಟ್ಟು. “ಸಂಗೊಳ್ಳಿ”ಯ ಒತ್ತಕ್ಷರ ಸ್ಪಷ್ಟವಾಗಿ ಕೇಳಬೇಕು. ಅವಸರದಲ್ಲಿ ಅದು “ಸಂಗೋಳಿ” ಆಗಿಬಿಡುತ್ತದೆ. ತೊಟ್ಟಿಲಿನ ಮಾತಿಗೆ ಮುಂಚೆ ಎರಡು ಸೆಕೆಂಡು ಸುಮ್ಮನಿರಲು ಹೇಳಿಕೊಡಿ.