ಗೂಗಲ್ ಫಾರ್ಮ್ಸ್‌ನಲ್ಲಿ ಇಂಗ್ಲಿಷ್ ಕಲಿಸುವ ಎಸ್ಕೇಪ್ ರೂಮ್

ಎಸ್ಕೇಪ್ ರೂಮ್ ಎಂದರೆ ಒಗಟು ಬಿಡಿಸಿ ಬೀಗ ತೆರೆಯುತ್ತಾ ಹೊರಬರುವ ಆಟ. ಗೂಗಲ್ ಫಾರ್ಮ್ಸ್ ಎಂಬ ಆನ್‌ಲೈನ್ ಪ್ರಶ್ನಾವಳಿಯಲ್ಲಿ ಬೀಗವೆಂದರೆ ಸರಿಯಾದ ಕೋಡ್ ಹಾಕುವವರೆಗೆ ಮುಂದೆ ಬಿಡದ ಪ್ರಶ್ನೆ. ಈ ಬೀಗ ಇಂಗ್ಲಿಷಿನಿಂದಲೇ ತೆರೆಯಬೇಕು. ಚಿತ್ರ ನೋಡಿ ಊಹಿಸಿದರೆ ತೆರೆಯುವಂತಿದ್ದರೆ ಮಕ್ಕಳಿಗೆ ಆಟ ಸಿಗುತ್ತದೆ, ಭಾಷೆ ಸಿಗುವುದಿಲ್ಲ. 40 ನಿಮಿಷದ ಪೀರಿಯಡ್‌ಗೆ ಮೂರು ಬೀಗ ಸಾಕು. ಒಂದು ಮೊಬೈಲ್‌ಗೆ ನಾಲ್ಕು ಮಕ್ಕಳು. ಕಥೆ ಸರಳವಾಗಿರಲಿ: ದೇವರಾಜ ಮಾರುಕಟ್ಟೆಯ ಮಳಿಗೆಯೊಂದರಲ್ಲಿ ಸಿಕ್ಕಿಕೊಂಡಿದ್ದೀರಿ, 25 ನಿಮಿಷದಲ್ಲಿ ಹೊರಬನ್ನಿ.

ಮೊದಲ ಬೀಗಕ್ಕೆ ನಮ್ಮ ಮಕ್ಕಳು ಎಡವುವ ಜಾಗವನ್ನೇ ಆರಿಸಿ. ಮೈಸೂರಲ್ಲಿ, ಬೆಟ್ಟದಲ್ಲಿ, ಸ್ಟಾಪಲ್ಲಿ: ಕನ್ನಡಕ್ಕೆ ‘ಅಲ್ಲಿ’ ಒಂದೇ ಸಾಕು, ಇಂಗ್ಲಿಷಿಗೆ ಇನ್, ಆನ್, ಅಟ್ ಮೂರೂ ಬೇಕು. ಇನ್‌ಗೆ 1, ಆನ್‌ಗೆ 2, ಅಟ್‌ಗೆ 3 ಎಂದು ಕೊಟ್ಟು, ಆ ಪದದ ಜಾಗ ಖಾಲಿ ಬಿಟ್ಟು ಐದು ವಾಕ್ಯ ಬರೆಯಿರಿ. ಅರಮನೆ ಇರುವುದು ‘ಇನ್ ಮೈಸೂರು’, ನಂದಿ ‘ಆನ್ ಚಾಮುಂಡಿ ಹಿಲ್’, ರೈಲು ನಿಲ್ಲುವುದು ‘ಅಟ್ ಮಂಡ್ಯ ಸ್ಟೇಷನ್’, ಬಸ್ಸು ಹೊರಡುವುದು ‘ಅಟ್ ಸೆವೆನ್’, ರಜೆ ‘ಆನ್ ಸಂಡೇ’. ಕೋಡ್ 12332. ಮೂರೇ ವಾಕ್ಯ ಕೊಟ್ಟು ಒಂದೊಂದು ಪದವನ್ನು ಒಮ್ಮೆ ಬಳಸಿದರೆ ಬರೀ 6 ಸಾಧ್ಯತೆ, ಓದದೆಯೇ ತೆರೆದುಬಿಡುತ್ತಾರೆ, ಐದಕ್ಕೆ 243.

ಫಾರ್ಮ್‌ನಲ್ಲಿ ಪ್ರತಿ ಬೀಗಕ್ಕೂ ಬೇರೆ ಸೆಕ್ಷನ್ ಮಾಡಿ. ಪ್ರಶ್ನೆಗೆ ‘ಶಾರ್ಟ್ ಆನ್ಸರ್’ ಆರಿಸಿ, ಮೂರು ಚುಕ್ಕೆ ಒತ್ತಿ, ‘ರೆಸ್ಪಾನ್ಸ್ ವ್ಯಾಲಿಡೇಶನ್’ನಲ್ಲಿ (ಉತ್ತರ ಸರಿಯೇ ಎಂದು ಫಾರ್ಮ್ ತಾನೇ ನೋಡುವ ಆಯ್ಕೆ) ‘ನಂಬರ್’, ‘ಈಕ್ವಲ್ ಟು’, 12332 ಹಾಕಿ. ತಪ್ಪಾದಾಗ ಕಾಣುವ ಸಾಲಿನಲ್ಲಿ ಸುಳಿವು ಬರೆಯಿರಿ: ವಾರದ ದಿನಕ್ಕೆ ಒಂದು ಪದ, ಗಂಟೆಗೆ ಇನ್ನೊಂದು. ‘ರಿಕ್ವೈರ್ಡ್’ ಆನ್ ಮಾಡಲು ಮರೆತರೆ ಉತ್ತರ ಖಾಲಿ ಬಿಟ್ಟೇ ಮುಂದೆ ಹೋಗಬಹುದು. ಉತ್ತರ ಪದವಾಗಿದ್ದರೆ ದೊಡ್ಡಕ್ಷರ, ಸಣ್ಣಕ್ಷರದ ವ್ಯತ್ಯಾಸಕ್ಕೇ ಸರಿಯುತ್ತರ ಬಿದ್ದುಹೋಗಬಹುದು, ಅಂಕಿಯೇ ಕ್ಷೇಮ.

ಎರಡನೆಯದು ಮಾತಿನ ಬೀಗ. ಒಬ್ಬರ ಚೀಟಿಯಲ್ಲಿ ಸಾಮಾನಿನ ಪಟ್ಟಿ: ಎರಡು ಕಿಲೋ ಟೊಮೆಟೊ, ಅರ್ಧ ಕಿಲೋ ಬೀನ್ಸ್, ಅರ್ಧ ಡಜನ್ ರಸಬಾಳೆ. ಇನ್ನೊಬ್ಬರಲ್ಲಿ ದರ: ಟೊಮೆಟೊ ಕಿಲೋಗೆ 28 ರೂಪಾಯಿ, ಬೀನ್ಸ್ ಕಿಲೋಗೆ 80, ರಸಬಾಳೆ ಹಣ್ಣಿಗೆ 10. ‘ಹೌ ಮಚ್ ಈಸ್’ ಎಂದು ಕೇಳಿ ಕೂಡಿದರೆ 156. ಚೀಟಿ ತೋರಿಸಿಕೊಂಡರೆ ಮಾತೇ ಇರದು, ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿ. ದರವನ್ನು ಅಂಕಿಯಲ್ಲಲ್ಲ, ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಿರಿ.

ಮೂರನೆಯದಕ್ಕೆ ಆ ವಾರದ ಪಾಠದ ವ್ಯಾಕರಣ ಸಾಕು.

ಪ್ರತಿ ಬೀಗಕ್ಕೂ ಮೊಬೈಲ್ ಕೈ ಬದಲಾಗಲಿ, ಇಲ್ಲವಾದರೆ ಚುರುಕಾದ ಒಬ್ಬರೇ ಮುಗಿಸುತ್ತಾರೆ. ಲಾಗಿನ್ ಇಲ್ಲದೆ ತೆರೆದ ಫಾರ್ಮ್ ಮುಚ್ಚಿದರೆ ಉತ್ತರ ಹೋಗುತ್ತದೆ. ತೆರೆದ ಕೋಡನ್ನು ನೋಟ್‌ಬುಕ್‌ನಲ್ಲಿ ಬರೆಸಿ. ಕೊನೆಯ ಹತ್ತು ನಿಮಿಷ ಬಿಡಲೇಬೇಡಿ: ‘ಸಂಡೇ’ಗೆ ಆನ್ ಏಕೆ, ‘ಸೆವೆನ್’ಗೆ ಅಟ್ ಏಕೆ ಎಂದು ಅವರ ಬಾಯಲ್ಲೇ ಹೇಳಿಸಿ.