ಗಣೆಗೆ ತಕ್ಕ ಮೈಕ್ ಹುಡುಕಿದ್ದು

ದಾವಣಗೆರೆಯ ವಿದ್ಯಾನಗರದಲ್ಲಿ ನಮ್ಮ ಮನೆಯ ಮಹಡಿ ಮೇಲೆ 10 ಅಡಿಗೆ 12 ಅಡಿಯ ಒಂದು ಕೋಣೆ ಇದೆ. ವಚನ, ತತ್ವಪದ, ಭಜನೆ ಹಾಡುವವರಿಗೆ ಅಲ್ಲೇ ರೆಕಾರ್ಡ್ ಮಾಡಿಕೊಡುತ್ತೇನೆ. ತಬಲಾ, ಹಾರ್ಮೋನಿಯಂ, ತಾಳ, ಏಕತಾರಿ, ಇಷ್ಟೇ ನನ್ನ ದಿನದ ಕೆಲಸ. ಅದಕ್ಕೆ ಒಂದು ಜೊತೆ ಅಗ್ಗದ ಪೆನ್ಸಿಲ್ ಮೈಕ್ ಇಟ್ಟುಕೊಂಡಿದ್ದೆ. ಸಣ್ಣ ಡಯಾಫ್ರಂನ (ಸದ್ದು ತಾಗಿದಾಗ ನಡುಗುವ ತೆಳು ಪರದೆ) ಕಂಡೆನ್ಸರ್ ಮೈಕಿಗೆ, ಅಂದರೆ ಕರೆಂಟ್ ಕೊಟ್ಟರೇ ಕೆಲಸ ಮಾಡುವ ಮೈಕಿಗೆ, ನಾವೆಲ್ಲ ಹಾಗೇ ಕರೆಯೋದು. ನಾಲ್ಕು ವರ್ಷ ಅವುಗಳಿಂದ ದೊಡ್ಡ ತೊಂದರೆ ಆಗಿರಲಿಲ್ಲ.

ಆಮೇಲೆ ಚಳ್ಳಕೆರೆ ಕಡೆಯಿಂದ ಒಬ್ಬ ಅಜ್ಜ ಬಂದರು. ದನ ಕಾಯುವ ಕಾಡುಗೊಲ್ಲರ ದೈವ ಜುಂಜಪ್ಪನ ಗಣೆ ಊದುವವರು. ಕಾಡುಗೊಲ್ಲರ ಗಣೆ ಅಂದರೆ ಉದ್ದನೆಯ ಬಿದಿರಿನ ವಾದ್ಯ. ಸದ್ದು ಮೆತ್ತಗೆ, ತಗ್ಗಿನ ದನಿ, ಉಸಿರೂ ನಾದವೂ ಬೆರೆತೇ ಬರುತ್ತವೆ. ಒಂದು ಗಂಟೆ ರೆಕಾರ್ಡ್ ಮಾಡಿ ಹೆಡ್‌ಫೋನ್ ಕೊಟ್ಟೆ. ಅಜ್ಜ ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಹೆಡ್‌ಫೋನ್ ತೆಗೆದು ನನ್ನ ಕೈಗಿಟ್ಟರು.

"ಇದ್ರಾಗೆ ನನ್ನ ಗಣೆ ಇಲ್ಲ ಕಣಪ್ಪ. ಬರೀ ಗಾಳಿ ಐತೆ."

ನಾನೂ ಹಾಕಿಕೊಂಡು ಕೇಳಿದೆ. ಅವರ ಮಾತು ನಿಜವಾಗಿತ್ತು. ಹಿಂದೆ 'ಸ್ಸ್ಸ್' ಅಂತ ಬಿಡದೆ ಒಂದು ಸದ್ದು. ಅದರ ಮೇಲೆ ಉಸಿರು. ನಾದ ಎಲ್ಲೋ ದೂರದಲ್ಲಿ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕಾರಣ ಸರಳ. ಡಯಾಫ್ರಂ ಸಣ್ಣದಾದಷ್ಟೂ ಅದಕ್ಕೆ ತಾಗುವ ಸದ್ದು ಕಡಿಮೆ, ಮೈಕಿನಿಂದ ಹೊರಡುವ ಸಿಗ್ನಲ್ಲೂ ಕಡಿಮೆ. ಅದರ ಮುಂದೆ ಮೈಕಿನ ಒಳಗಿನ ಸರ್ಕ್ಯೂಟಿನ ಸ್ವಂತ ಸದ್ದು ಎದ್ದು ಕೇಳುತ್ತದೆ. ತಬಲಾ ಜೋರಾಗಿ ನುಡಿಯುವುದರಿಂದ ಅದು ಮುಚ್ಚಿಹೋಗುತ್ತಿತ್ತು. ಗಣೆಗೆ ಗೇನ್, ಅಂದರೆ ಸಿಗ್ನಲ್ಲನ್ನು ಹಿಗ್ಗಿಸುವ ಮಟ್ಟ, ಏರಿಸಿದಾಗ ಬಯಲಾಯಿತು. ಹಾಗಂತ ದೊಡ್ಡ ಡಯಾಫ್ರಂಗೆ ಹೋಗೋಕೆ ನನಗೆ ಮನಸ್ಸಿರಲಿಲ್ಲ. ಸಣ್ಣದರಲ್ಲಿ ತಂತಿ ಮೀಟಿದ ಮೊದಲ ಕ್ಷಣ, ತಬಲಾದ ಚಾಟಿಯ ಪೆಟ್ಟು, ಇವೆಲ್ಲ ಇದ್ದ ಹಾಗೇ ಬರುತ್ತವೆ. ಮೈಕ್ ಒಳ್ಳೆಯದಾದರೆ ಬದಿಯಿಂದ ಬರುವ ಸದ್ದೂ ಜಾಸ್ತಿ ಕೆಡೋದಿಲ್ಲ.

ಹುಬ್ಬಳ್ಳಿಯ ಗೆಳೆಯನಿಂದ ರೋಡ್ ಕಂಪನಿಯ ಎನ್‌ಟಿ5 ಮೈಕ್ ಒಂದು ಜೊತೆ ಕೇಳಿ ತಂದೆ. ಬೆಂಗಳೂರಿನಿಂದ ಶ್ಯೂರ್ ಕಂಪನಿಯ ಎಸ್‌ಎಂ81 ಒಂದು ಜೊತೆ ಬಾಡಿಗೆಗೆ ತರಿಸಿದೆ. ಎರಡೂ ಸಣ್ಣ ಡಯಾಫ್ರಂನವೇ. ನನ್ನ ಹಳೆಯದೂ ಸೇರಿ ಮೂರು ಜೊತೆ. ಮೂರನ್ನೂ ಒಂದೇ ಸ್ಟ್ಯಾಂಡಿಗೆ ಒತ್ತೊತ್ತಾಗಿ ಕಟ್ಟಿ ಕೂತೆ.

ಮೊದಲ ದಿನ ನನ್ನ ತೀರ್ಪು ಪೂರ್ತಿ ತಪ್ಪಾಗಿತ್ತು. ಗೇನ್ ಎಲ್ಲಕ್ಕೂ ಒಂದೇ ಇಟ್ಟು ಕೇಳಿ, ಎನ್‌ಟಿ5 ಎಷ್ಟೋ ಮೇಲು ಅಂದುಕೊಂಡೆ. ಆಮೇಲೆ ಕಂಪನಿಯ ವಿವರದ ಕಾಗದ ತೆಗೆದು ನೋಡಿದರೆ ಅದರ ಸೆನ್ಸಿಟಿವಿಟಿ (ಅಷ್ಟೇ ಸದ್ದಿಗೆ ಎಷ್ಟು ಸಿಗ್ನಲ್ ಕೊಡುತ್ತದೆ ಅನ್ನೋದು) 12 ಮಿಲಿವೋಲ್ಟ್, ಎಸ್‌ಎಂ81ರದು 5.6. ಅಂದರೆ ಅದೇ ಗೇನ್‌ಗೆ ಒಂದು 6 ಡೆಸಿಬೆಲ್‌ಗಿಂತ ಜಾಸ್ತಿ ಜೋರಾಗಿ ಕೇಳುತ್ತದೆ. ಜೋರಾಗಿ ಕೇಳಿದ್ದೇ ಚೆನ್ನಾಗಿದೆ ಅನ್ನಿಸೋದು ಕಿವಿಯ ಸ್ವಭಾವ. ಮರುದಿನ ಸ್ಪೀಕರಿನಲ್ಲಿ ಪಿಂಕ್ ನಾಯ್ಸ್ ಅನ್ನೋ ಪರೀಕ್ಷೆಯ ಸದ್ದು ಹಾಕಿ, ಮೀಟರ್ ನೋಡುತ್ತಾ ಎಲ್ಲ ಮೈಕನ್ನೂ ಅರ್ಧ ಡೆಸಿಬೆಲ್ ಒಳಗೆ ಸಮ ಮಾಡಿದೆ. ಇದನ್ನು ಮಾಡದೆ ಯಾರಾದರೂ ಮೈಕ್ ಹೋಲಿಸಿದರೆ ದಯವಿಟ್ಟು ನಂಬಬೇಡಿ.

ಮೈಕಿನ ಸ್ವಂತ ಸದ್ದು ಕೇಳಬೇಕಂದರೆ ಊರು ಮಲಗಬೇಕು. ರಾತ್ರಿ ಎರಡು ಗಂಟೆಗೆ ಮೈಕನ್ನು ರಜಾಯಿಯಲ್ಲಿ ಸುತ್ತಿ ಬೀರುವಿನೊಳಗೆ ಇಟ್ಟು ಬಾಗಿಲು ಹಾಕಿದೆ. ಆದರೂ ಕೆಳಗಿನ ಫ್ರಿಜ್ಜಿನ ಗುಂಯ್ ಅನ್ನೋದು ಬರುತ್ತಿತ್ತು. ಅಷ್ಟರಲ್ಲಿ ಕರೆಂಟ್ ಹೋಯಿತು. ಬೇಗ ಇನ್ವರ್ಟರನ್ನೂ ಬಂದ್ ಮಾಡಿದೆ. ಲ್ಯಾಪ್‌ಟಾಪ್ ಬ್ಯಾಟರಿ ಮೇಲಿತ್ತು, ಮೈಕನ್ನು ಅದಕ್ಕೆ ಜೋಡಿಸುವ ಇಂಟರ್‌ಫೇಸ್ ಪೆಟ್ಟಿಗೆ ಅದರಿಂದಲೇ ಓಡುತ್ತಿತ್ತು, ಮೈಕಿಗೆ ಬೇಕಾದ 48 ವೋಲ್ಟ್ ಸಿಗುತ್ತಲೇ ಇತ್ತು. ಆ 48ರ ಕಥೆಯಲ್ಲೂ ಕರೆಂಟ್ ಹೋಗೋ ಮಾತಿದೆ. 1966ರಲ್ಲಿ ನ್ಯೂಮನ್ ಕಂಪನಿ ನಾರ್ವೆಯ ರೇಡಿಯೋಗಾಗಿ ಕೆಎಂ84 ಅನ್ನೋ ಸಣ್ಣ ಮೈಕ್ ಮಾಡಿತು. ಅಲ್ಲಿನ ಸ್ಟುಡಿಯೋಗಳಲ್ಲಿ ತುರ್ತು ದೀಪಕ್ಕೆ ಅಂತ 48 ವೋಲ್ಟ್ ಮೊದಲೇ ಇತ್ತು. ಅದನ್ನೇ ಮೈಕಿಗೂ ಬಳಸಿಕೊಂಡರು. ಇವತ್ತಿಗೂ ಎಲ್ಲರದೂ ಅದೇ ಲೆಕ್ಕ.

ಆ ಕತ್ತಲಲ್ಲಿ ಕೂತು ಕೇಳಿದ್ದು ನನಗೆ ಮರೆಯೋಲ್ಲ. ಹಳೆಯ ಮೈಕಿನಲ್ಲಿ ಬಾಣಲೆಗೆ ಒಗ್ಗರಣೆ ಬಿದ್ದ ಹಾಗೆ ಸದ್ದು. ಉಳಿದ ಎರಡರಲ್ಲೂ ಸಣ್ಣಗೆ, ಸಮವಾಗಿ. ಕಾಗದದಲ್ಲೂ ಎರಡರ ಸ್ವಂತ ಸದ್ದು 16 ಡೆಸಿಬೆಲ್ ಎ (ಕಿವಿಗೆ ಕೇಳುವ ಲೆಕ್ಕದ ಡೆಸಿಬೆಲ್) ಅಂತಲೇ ಇದೆ. ನ್ಯೂಮನ್‌ನವರ ಕೆಎಂ184 ಅನ್ನೋ ಮೈಕಿಗೆ ಇನ್ನೂ ಕಡಿಮೆ, 13. ಅದನ್ನು ಕೊಳ್ಳೋ ಶಕ್ತಿ ನನಗಿರಲಿಲ್ಲ, ಹಾಗಾಗಿ ತರಿಸಲೇ ಇಲ್ಲ.

ನನಗೆ ಎಲ್ಲಕ್ಕಿಂತ ಜಾಸ್ತಿ ಕಲಿಸಿದ್ದು ಬದಿಯ ಪರೀಕ್ಷೆ. ಮೈಕನ್ನು ನಡುವೆ ನಿಲ್ಲಿಸಿ, ಎರಡು ಅಡಿ ದೂರದಲ್ಲಿ ಒಂದು, ಎರಡು, ಮೂರು ಎಂದು ಎಣಿಸುತ್ತಾ ಸುತ್ತ ನಡೆದೆ. ಆಮೇಲೆ ಕೈಯಲ್ಲಿ ಗೆಜ್ಜೆ ಹಿಡಿದು ಅದೇ ಸುತ್ತು. ಒಳ್ಳೆಯ ಮೈಕಿನಲ್ಲಿ ಬದಿಗೆ ಹೋದ ಹಾಗೆ ದನಿ ಸಣ್ಣದಾಗುತ್ತದೆ, ಆದರೆ ನನ್ನ ದನಿಯಾಗಿಯೇ ಇರುತ್ತದೆ. ನನ್ನ ಹಳೆಯದರಲ್ಲಿ ಬದಿಗೆ ಬಂದ ಕೂಡಲೇ ಕೊಡದೊಳಗಿಂದ ಮಾತಾಡಿದ ಹಾಗಾಯಿತು. ಗೆಜ್ಜೆಯಂತೂ ಒಂದೊಂದಾಗಿ ಕೇಳದೆ ಮರಳು ಸುರಿದ ಹಾಗೆ ಕೇಳಿತು. ನಾಲ್ಕು ವರ್ಷದಿಂದ ನನ್ನ ಭಜನೆ ರೆಕಾರ್ಡಿಂಗ್‌ಗಳು ಯಾಕೆ ಮಬ್ಬಾಗಿದ್ದವು ಅನ್ನೋದು ಆಗ ಹೊಳೆಯಿತು. ಸಣ್ಣ ಕೋಣೆಯಲ್ಲಿ ಎಲ್ಲರೂ ಒಟ್ಟಿಗೆ ಕೂರುತ್ತಾರೆ ಅಲ್ವಾ? ಹಾರ್ಮೋನಿಯಂ ಮೈಕಿಗೆ ತಬಲಾ ಬದಿಯಿಂದಲೇ ನುಗ್ಗುತ್ತದೆ. ಹಾಗೆ ನುಗ್ಗಿದ್ದು ಕೆಟ್ಟಿದ್ದರೆ ಮಿಕ್ಸಿಂಗ್‌ನಲ್ಲಿ ಅದನ್ನು ತೆಗೆಯೋಕೆ ಆಗೋಲ್ಲ.

ಜೊತೆ ಸರಿಯಿದೆಯಾ ಅಂತಲೂ ನೋಡಿಕೊಂಡೆ. ಎರಡು ಮೈಕನ್ನು ಮುಖಕ್ಕೆ ಮುಖ ತಾಗಿಸಿದಂತೆ ಇಟ್ಟು, ಒಂದೇ ಸದ್ದು ಹಿಡಿದು, ಒಂದರ ಪೊಲಾರಿಟಿ, ಅಂದರೆ ಸಿಗ್ನಲ್ಲಿನ ಮೇಲು-ಕೆಳಗು, ತಿರುಗಿಸಿ ಕೂಡಿಸಿದೆ. ಜೊತೆ ಸರಿಯಿದ್ದರೆ ಹೆಚ್ಚುಕಮ್ಮಿ ಎಲ್ಲ ಅಳಿಸಿಹೋಗಬೇಕು.

ಮೂರು ವಾರದ ಕೊನೆಗೆ ತಬಲಾಗೆ, ತಾಳಕ್ಕೆ ಎನ್‌ಟಿ5 ನನಗೆ ಬಹಳ ಹಿಡಿಸಿತು. ಮೇಲಿನ ದನಿ ತುಸು ಎದ್ದು ಬರುತ್ತದೆ, ಚಾಟಿ ಹೊಳೆಯುತ್ತದೆ. ಗಣೆಗೆ ಅದೇ ಹೊಳಪು ಉಸಿರನ್ನು ಮುಂದೆ ತಂದು ಕೂರಿಸಿತು. ಎಸ್‌ಎಂ81 ಏನನ್ನೂ ಎತ್ತಿ ಹಿಡಿಯೋಲ್ಲ, ಇದ್ದದ್ದನ್ನು ಇದ್ದ ಹಾಗೆ ಕೊಡುತ್ತದೆ. 1978ರಿಂದ ಬರುತ್ತಿರುವ ಮೈಕ್ ಅದು. ತಗ್ಗಿನ ದನಿ ಕತ್ತರಿಸೋಕೆ ಮೂರು ಹಂತದ ಸ್ವಿಚ್ ಮೈಕಿನ ಮೇಲೇ ಇದೆ. ಗಣೆಗೆ ನಾನು ಅದನ್ನು ಮುಟ್ಟಲಿಲ್ಲ. ಆ ತಗ್ಗಿನ ದನಿಯೇ ಗಣೆಯ ಜೀವ. ಗೇನ್ ಮಾತ್ರ ಜಾಸ್ತಿ ಕೊಡಬೇಕಾಯಿತು. ಬಾಡಿಗೆ ವಾಪಸ್ ಕೊಟ್ಟು, ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ಜೊತೆ ಕೊಂಡೆ.

ಅಜ್ಜನನ್ನು ಮತ್ತೆ ಕರೆಸಿದೆ. ಈ ಸಲ ಮೈಕನ್ನು ಬಾಯಿಯ ನೇರಕ್ಕೆ ಇಡಲಿಲ್ಲ. ಎರಡು ಅಡಿ ದೂರದಲ್ಲಿ, ಉಸಿರು ನೇರ ಬೀಳದ ಹಾಗೆ ಬದಿಗೆ ಸರಿಸಿ, ಬೆರಳಾಡುವ ಕಡೆಗೆ ತಿರುಗಿಸಿದೆ. ಇನ್ನೊಂದನ್ನು ಅಜ್ಜ ನಡುನಡುವೆ ಹಾಡುವಾಗಿನ ದನಿಗೆ ಎತ್ತರದಲ್ಲಿಟ್ಟೆ. ಫ್ಯಾನ್ ಬಂದ್, ಫ್ರಿಜ್ ಬಂದ್. ಏಪ್ರಿಲ್ ಬಿಸಿಲು, ಅಜ್ಜನ ಹಣೆ ಮೇಲೆ ಬೆವರು. ಆದರೂ ಒಂದು ಮಾತು ಆಡದೆ ಊದಿದರು.

ಕೇಳಿಸಿದಾಗ ಈ ಸಲ ಹೆಡ್‌ಫೋನ್ ತೆಗೆಯಲಿಲ್ಲ. ಎರಡು ಸಲ ಪೂರ್ತಿ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ನಡುವೆ ಒಂದು ಸೊಲ್ಲು ಬಿಟ್ಟೀನಿ ಕಣಪ್ಪ, ಇನ್ನೊಂದು ಕಿತ ಊದ್ತೀನಿ," ಅಂದರು. ನಾನು ಮತ್ತೆ ರೆಕಾರ್ಡ್ ಒತ್ತಿದೆ.